ಅಟ್ಟಕ್ಕೆ ಎಳೆದ ಗೆರೆ

ಹೊಟ್ಟೆಕಿಚ್ಚು ಅಂದರೇನೆಂದು ನನಗೆ ಮೊದಲು ತಿಳಿದದ್ದು ಊಟದ ತಾಟಿನ ಮುಂದೆ. ದಾವಣಗೆರೆಯ ವಿನೋಬನಗರದ ನಮ್ಮ ಮನೆಯಲ್ಲಿ ಅವ್ವ ಹಂಚಿನಿಂದ ಇಳಿಸಿದ ಮೊದಲ ಜೋಳದ ರೊಟ್ಟಿ ಅಪ್ಪನಿಗೆ ಹೋಗುತ್ತಿತ್ತು. ಅಪ್ಪ ಅದರ ಉಬ್ಬಿದ ಮೇಲ್ಪದರವನ್ನು ಎರಡು ಬೆರಳಿನಿಂದ ಸುಲಿದು, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿ, ನಾಲ್ಕು ಹನಿ ಎಣ್ಣೆ ಬಿಟ್ಟು, ಮಾತಿಲ್ಲದೆ ನನ್ನ ತಾಟಿಗೆ ಹಾಕುತ್ತಿದ್ದ. ನಾನು ಒಬ್ಬಳೇ ಮಗಳು. ಆ ಪದರ ನನ್ನದೆಂದು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಮೊದಲ ಪಿಯುಸಿಗೆ ಸೇರಿದ ಜೂನ್ ತಿಂಗಳ ಒಂದು ಸಂಜೆ ಅಪ್ಪ ಎಂದಿನಂತೆ ಪದರ ಸುಲಿದು, ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡು, ನಡುವೆ ಮುರಿದ. ಅರ್ಧ ನನಗೆ, ಅರ್ಧ ಸುಮಾಳಿಗೆ. ತಿಂಗಳು ಕಳೆಯುವುದರೊಳಗೆ ಮುರಿಯುವುದೂ ನಿಂತಿತು. ಇಡೀ ಪದರ ಅವಳ ತಾಟಿಗೇ ಹೋಗತೊಡಗಿತು.

ಸುಮಾ ನನ್ನ ಸೋದರತ್ತೆಯ ಮಗಳು, ನನ್ನದೇ ವಯಸ್ಸು. ಹರಿಹರ ತಾಲ್ಲೂಕಿನ ನಂದಿಗುಡಿಯಲ್ಲಿ ಅತ್ತೆಗೆ ಸ್ವಲ್ಪ ಭತ್ತದ ಗದ್ದೆ ಇತ್ತು. ಅತ್ತೆಯ ಗಂಡ ಸುಮಾ ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದರು. ಹತ್ತನೇ ತರಗತಿಯಲ್ಲಿ ಅವಳು ಶಾಲೆಗೇ ಮೊದಲು ಬಂದಾಗ ಅಪ್ಪ ಬಸ್ಸು ಹತ್ತಿ ಹೋಗಿ, “ಇವಳನ್ನ ನಾನು ಸೈನ್ಸ್ ಓದಿಸ್ತೀನಿ, ನೀನು ಸುಮ್ಕಿರು” ಎಂದು ತಂಗಿಗೆ ಹೇಳಿ, ಒಂದು ತಗಡಿನ ಪೆಟ್ಟಿಗೆಯ ಸಮೇತ ಅವಳನ್ನು ಕರೆತಂದ. ನಾನೂ ಅವಳೂ ಒಂದೇ ಕಾಲೇಜು, ಒಂದೇ ಬೆಂಚು. ನನ್ನ ಹಾಸಿಗೆಯಲ್ಲಿ ಅರ್ಧ ಅವಳಿಗೆ. ಅಟ್ಟದ ಕೆಳಗೆ, ಕಿಟಕಿಯ ಬೆಳಕು ಬೀಳುವ ಮೂಲೆಯಲ್ಲಿ ನಾನು ಓದಿಕೊಳ್ಳುತ್ತಿದ್ದ ಜಾಗ ಪೂರ್ತಿ ಅವಳಿಗೆ. “ಆಕಿ ಹೊಸಬಳು, ನೀನು ಅಡುಗಿಮನ್ಯಾಗ ಓದ್ಕ” ಎಂದು ಅವ್ವ ಹೇಳಿದ್ದಳು. ಅವ್ವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಒಗ್ಗರಣೆಯ ಹೊಗೆಯಲ್ಲಿ ಕೂತು ನಾನು ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಸೇರಿಸಿಕೊಂಡೆ.

ಆ ಮನೆ ರೈಲಿನ ಡಬ್ಬಿಯಂತೆ ಉದ್ದಕ್ಕಿತ್ತು. ಬೀದಿಯ ಕಡೆಗೆ ಅಪ್ಪನ ಅಂಗಡಿ: ಮಂಡಕ್ಕಿ, ಅವಲಕ್ಕಿ, ಪುಟಾಣಿ. ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು. ಮಳೆ ಜೋರಾದರೆ ಗಟಾರದ ನೀರು ಅಂಗಡಿಯ ಮೆಟ್ಟಿಲು ದಾಟಿ ಒಳಗೆ ಬರುತ್ತಿತ್ತು, ನೆಲದ ಮೇಲಿಟ್ಟ ಚೀಲ ಉಳಿಯುತ್ತಿರಲಿಲ್ಲ. ಅದಕ್ಕೇ ನಡುಮನೆಯ ಅರ್ಧ ಭಾಗಕ್ಕೆ ಅಟ್ಟ ಹಾಕಿಸಿದ್ದು. ಗೋಡೆಯಿಂದ ಗೋಡೆಗೆ ಎರಡು ತೊಲೆ, ಮೇಲೆ ಹಲಗೆ, ಹತ್ತಲು ಒಂದು ಏಣಿ. ಕಟ್ಟಿದವನು ಹರಿಹರದ ಒಬ್ಬ ಬಡಿಗ. ಕೆಲಸ ಮುಗಿದ ದಿನ ಅವನು ಕೈ ಒರೆಸಿಕೊಳ್ಳುತ್ತ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೆ. ಆಗ ನನಗೆ ಒಂಬತ್ತೋ ಹತ್ತೋ ವರ್ಷ.

“ನಾಕು ಕ್ವಿಂಟಾಲ್ ಮುಟ್ಟಬಾರ್ದು ಯಜಮಾನ್ರ. ಅದಕ್ಕಿಂತ ಒಳಗೇ ಇರ್ಲಿ.”

ಅಪ್ಪ ಕೂಡಿ ಕಳೆಯುವವನಾಗಿರಲಿಲ್ಲ. ಪ್ರತಿ ಚೀಲವನ್ನೂ ಅದರ ಎರಡು ಕಿವಿ ಹಿಡಿದು ಮೊಣಕಾಲಿನವರೆಗೆ ಎತ್ತಿ ನೋಡಿ, ಹಮಾಲಿ ಹನುಮಂತಣ್ಣನಿಗೆ “ಏರ್ಸು” ಅಥವಾ “ಬ್ಯಾಡ, ಕೆಳಗಿರ್ಲಿ” ಎನ್ನುತ್ತಿದ್ದ. ಅವನ ತೋಳಿಗೆ ಅಟ್ಟದ ಶಕ್ತಿ ಗೊತ್ತಿತ್ತು. ನನ್ನ ಕೆಲಸ ಕಾಟಾದ ಮುಂದೆ. ಚೀಲವನ್ನು ಕಾಟಾದ ಮೇಲಿಟ್ಟಾಗ ತೂಕ ಓದಿ, ಜೋರಾಗಿ ಕೂಗಿ, ಸೀಮೆಸುಣ್ಣದಿಂದ ಚೀಲದ ಮೇಲೆ ಬರೆಯುವುದು. ಏಳನೇ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ. ಅಮಾವಾಸ್ಯೆಗೆ ಕಾಟಾಕ್ಕೆ ವಿಭೂತಿ, ಕುಂಕುಮ ಹಚ್ಚುವುದೂ ನಾನೇ. ಆ ಮನೆಯಲ್ಲಿ ನಾನು ಅಪ್ಪನ ಪಕ್ಕದವಳು, ನನಗೆ ಬೇಕಾಗಿದ್ದದ್ದು ಆ ಜಾಗ ಒಂದೇ.

ದಸರೆಗೆ ಮುಂಚೆ ಕಾಲೇಜಿನಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಅಸಮತೆಗಳ ಪಾಠ ಬಂತು. ಸಮೀಕರಣ ಒಂದು ಗೆರೆ ಕೊಟ್ಟು ಸುಮ್ಮನಾಗುತ್ತದೆ. ಅಸಮತೆ ಹಾಗಲ್ಲ, ಗೆರೆಯ ಒಂದು ಕಡೆಯ ಇಡೀ ಬಯಲನ್ನೇ ಕೊಡುತ್ತದೆ. ಯಾವ ಕಡೆ ಎಂದು ಕಂಡುಹಿಡಿದು ಅಲ್ಲಿಗೆ ಬಣ್ಣ ಹಚ್ಚಬೇಕು. ನಾನು ಬಾಯಿಪಾಠದ ಹುಡುಗಿ. ‘ಹೆಚ್ಚು’ ಅಂತಿದ್ದರೆ ಮೇಲೆ, ‘ಕಡಿಮೆ’ ಅಂತಿದ್ದರೆ ಕೆಳಗೆ ಎಂದು ಉರುಹಚ್ಚಿದ್ದೆ. ಕಿರುಪರೀಕ್ಷೆಯಲ್ಲಿ ವೈ ಮುಂದೆ ಋಣಚಿಹ್ನೆ ಬಂತು, ಮೂರಕ್ಕೆ ಮೂರೂ ಲೆಕ್ಕದಲ್ಲಿ ತಪ್ಪು ಕಡೆಗೆ ಬಣ್ಣ ಹಚ್ಚಿದೆ. ಉಪನ್ಯಾಸಕರು ನನ್ನ ಹಾಳೆಯನ್ನು ಎತ್ತಿ ಹಿಡಿದು, “ನೇತ್ರಾವತಿ, ಪ್ರಪಂಚ ಎಲ್ಲ ಒಂದು ಕಡೆ ಇದ್ರೆ ನೀನು ಇನ್ನೊಂದು ಕಡೆ ಇದ್ದೀಯಲ್ಲಮ್ಮ” ಎಂದರು. ತರಗತಿ ನಕ್ಕಿತು. ಸುಮಾ ನಗಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಮೆತ್ತಗೆ, “ಬಾಯಿಪಾಠ ಬ್ಯಾಡ ಕಣೇ, ಎಕ್ಸ್, ವೈ ಎರಡಕ್ಕೂ ಸೊನ್ನೆ ಹಾಕಿ ನೋಡು, ಸುಳ್ಳೋ ನಿಜವೋ ಅದೇ ಹೇಳ್ತೈತೆ” ಎಂದಳು. ನಕ್ಕಿದ್ದರೆ ನಾನು ಅವಳನ್ನು ಕ್ಷಮಿಸುತ್ತಿದ್ದೆನೇನೋ. ಅವಳ ಹಾಳೆಯಲ್ಲಿ ಎಲ್ಲವೂ ಸರಿಯಿತ್ತು.

ಆ ಭಾನುವಾರ ಅವಳು ಅಂಗಡಿಯ ಕಟ್ಟೆಯ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕೂತಳು. ನಾನು ಕಾಟಾದ ಪಕ್ಕದಲ್ಲಿದ್ದೆ.

“ಮಾವ, ಮಂಡಕ್ಕಿ ಚೀಲ ಎಷ್ಟು ತೂಗ್ತೈತ್ರಿ?”

“ದೊಡ್ಡ ಚೀಲ ಹತ್ತು ಕೆಜಿ.”

“ಭತ್ತದ್ದು?”

“ಐವತ್ತು. ಯಾಕವ್ವ?”

“ಅಟ್ಟಕ್ಕೊಂದು ಪಟ ಬರೀತೀನ್ರಿ. ಇನ್ಮ್ಯಾಲೆ ನೀವು ಚೀಲ ಎತ್ತಿ ಎತ್ತಿ ನೋಡೋದು ಬ್ಯಾಡ. ಬೆರಳು ಇಟ್ರೆ ಸಾಕು.”

ಹಾಳೆಯ ಕೆಳಗಿನ ಅಂಚಿನುದ್ದಕ್ಕೂ ಮಂಡಕ್ಕಿ ಚೀಲಗಳ ಎಣಿಕೆ ಬರೆದಳು, ಎಡಗಡೆ ಮೇಲಕ್ಕೆ ಭತ್ತದ ಚೀಲಗಳ ಎಣಿಕೆ. ಬರೀ ಮಂಡಕ್ಕಿಯಾದರೆ ನಾಲ್ಕು ಕ್ವಿಂಟಾಲಿಗೆ ನಲವತ್ತು ಚೀಲ, ಬರೀ ಭತ್ತವಾದರೆ ಎಂಟು. ಕೆಳಗೆ ನಲವತ್ತರಲ್ಲಿ ಒಂದು ಚುಕ್ಕೆ, ಎಡಕ್ಕೆ ಎಂಟರಲ್ಲಿ ಒಂದು ಚುಕ್ಕೆ, ಎರಡನ್ನೂ ಸೇರಿಸಿ ಓರೆಯಾದ ಗೆರೆ. ಅಪ್ಪ ಗಿರಾಕಿಯನ್ನು ಬಿಟ್ಟು ಬಂದು ಬಗ್ಗಿ ನೋಡುತ್ತಿದ್ದ.

“ಈಗ ಯಾವ ಕಡೆ ಅಟ್ಟ ಉಳೀತೈತೆ, ಯಾವ ಕಡೆ ಮುರೀತೈತೆ ಹೇಳ್ರಿ ಮಾವ.”

“ನಂಗೇನು ಗೊತ್ತವ್ವ ಅದು?”

“ಖಾಲಿ ಅಟ್ಟ ಮುರೀತೈತಾ?”

“ಖಾಲಿ ಅಟ್ಟ ಯಾಕ ಮುರೀತೈತೆ!”

“ಖಾಲಿ ಅಟ್ಟ ಅಂದ್ರೆ ಈ ಮೂಲೆ. ಸೊನ್ನೆ ಮಂಡಕ್ಕಿ, ಸೊನ್ನೆ ಭತ್ತ. ಈ ಮೂಲೆ ಗೆರೆಯ ಯಾವ ಕಡೆ ಐತೋ ಆ ಕಡೆ ಎಲ್ಲಾ ಗಟ್ಟಿ. ಆಚೆ ಕಡೆ ಎಲ್ಲಾ ಅಪಾಯ.”

ಅಪ್ಪ ಬೆರಗಾಗಿ ಅವಳ ಮುಖ ನೋಡಿದ. ಹಾಗೆ ಅವನು ನನ್ನನ್ನು ಎಂದೂ ನೋಡಿರಲಿಲ್ಲ. ಆಮೇಲೆ, ಮಂಡಕ್ಕಿ ನಲವತ್ತು ಚೀಲ ಎಲ್ಲಿ ಹಿಡಿಯುತ್ತವೆ, ಇಪ್ಪತ್ತಕ್ಕೇ ಸೂರು ಮುಟ್ಟುತ್ತವೆ ಎಂದ. ಸುಮಾ ಇಪ್ಪತ್ತರಲ್ಲಿ ನೆಟ್ಟಗೆ ಒಂದು ಗೆರೆ ಎಬ್ಬಿಸಿದಳು. ಒಳಗೆ ಉಳಿದದ್ದಕ್ಕೆ ಹಸಿರು ಬಣ್ಣ ಹಚ್ಚಿದಳು. “ಒಳ್ಳೆ ನಾಕು ಬದುವಿನ ಹೊಲ ಆತಲ್ಲ!” ಎಂದು ಅಪ್ಪ ಮಗುವಿನಂತೆ ಬೆರಳಿಟ್ಟು ಆಡತೊಡಗಿದ. ಹತ್ತು ಮಂಡಕ್ಕಿ, ಐದು ಭತ್ತ: ಹಸಿರಿನೊಳಗೆ. ಹತ್ತು ಮಂಡಕ್ಕಿ, ಏಳು ಭತ್ತ: ಹೊರಗೆ. ಹತ್ತು ಮಂಡಕ್ಕಿ, ಆರು ಭತ್ತ ಎಂದಾಗ ಬೆರಳು ಸರಿಯಾಗಿ ಗೆರೆಯ ಮೇಲೆಯೇ ಬಂತು.

“ಗೆರೆ ಮ್ಯಾಲಿದ್ರೂ ನಡೀತೈತ್ರಿ,” ಎಂದಳು ಸುಮಾ.

ನನಗೆ ಬಡಿಗನ ಮಾತು ನೆನಪಾಯಿತು. ಪಾಠದಲ್ಲಿ ನನಗೆ ಸರಿಯಾಗಿ ತಿಳಿದದ್ದು ಅದೊಂದೇ ಆಗಿತ್ತು: ಗೆರೆಯೂ ಲೆಕ್ಕಕ್ಕೆ ಸೇರಿದರೆ ಗಟ್ಟಿ ಗೆರೆ, ಸೇರದಿದ್ದರೆ ಬಿಟ್ಟು ಬಿಟ್ಟು ಎಳೆದ ತುಂಡು ಗೆರೆ.

“ಮುಟ್ಟಬಾರ್ದು ಅಂದಿದ್ದ ಆ ಬಡಿಗ,” ಎಂದೆ. “ನಾಕು ಕ್ವಿಂಟಾಲ್ ಆದ್ರೂ ಬ್ಯಾಡ, ಅದಕ್ಕಿಂತ ಒಳಗ ಅಂದಿದ್ದ. ಹಂಗಾರೆ ಇದು ತುಂಡು ಗೆರೆ ಇರ್ಬೇಕು.”

ಅಪ್ಪ ನಕ್ಕುಬಿಟ್ಟ. “ಸಂದಿ ಬಿಟ್ಟು ಗೆರೆ ಎಳೆದ್ರೆ ಇಲಿ ನುಗ್ತಾವ ಕಣವ್ವ. ಗೆರೆ ಅಂದ ಮ್ಯಾಲೆ ಗಟ್ಟಿ ಇರ್ಬೇಕು.”

ಹನುಮಂತಣ್ಣ ನಕ್ಕ, ಗಿರಾಕಿ ನಕ್ಕ. ಸುಮಾ ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, ಗೆರೆಯ ಮೇಲೆ ಪೆನ್ನಿನಿಂದ ಇನ್ನೊಮ್ಮೆ ತಿದ್ದಿದಳು. ನಾನು ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ನಾನು ಒಂದು ನಿರ್ಧಾರಕ್ಕೆ ಬಂದೆ. ಆ ಪಟದ ಬಗ್ಗೆ ಇನ್ನೊಂದು ಮಾತೂ ಆಡುವುದಿಲ್ಲ.

ಅಪ್ಪ ಪಟವನ್ನು ರಟ್ಟಿಗೆ ಅಂಟಿಸಿ ಏಣಿಯ ಪಕ್ಕದ ಗೋಡೆಗೆ ಮೊಳೆ ಹೊಡೆದ. ಬಂದವರಿಗೆಲ್ಲ ತೋರಿಸಿದ. “ನಮ್ಮ ಸುಮಿ ಬರ್ದಿದ್ದು. ಅಟ್ಟಕ್ಕೇ ಲೆಕ್ಕ ಕಟ್ಯಾಳ” ಎಂದು. ಚೀಲ ಎತ್ತಿ ನೋಡುವುದನ್ನು ಬಿಟ್ಟ, ಎಣಿಸುವುದಕ್ಕೆ ಶುರುಮಾಡಿದ. ದೀಪಾವಳಿಯ ಅಮಾವಾಸ್ಯೆ ಬಂತು. ಅಂಗಡಿ ಪೂಜೆಯಲ್ಲಿ ಕಾಟಾಕ್ಕೆ ನಾನು ಕುಂಕುಮ ಹಚ್ಚಿ ಮುಗಿಸುವಷ್ಟರಲ್ಲಿ ಅಪ್ಪ ಸುಮಾಳನ್ನು ಕರೆದು, ಪಟದ ನಾಲ್ಕು ಮೂಲೆಗೂ ಅವಳ ಕೈಯಿಂದ ಕುಂಕುಮ ಇಡಿಸಿ, ಒಂದು ಚೆಂಡುಹೂ ಸಿಕ್ಕಿಸಿ, ಊದುಬತ್ತಿ ಬೆಳಗಿದ. ಅವ್ವನೂ ಕೈ ಮುಗಿದಳು. ಹಾಗೆ ಅದು ದೇವರ ಪಟಗಳ ಸಾಲಿಗೆ ಸೇರಿತು. ಪೂಜೆಯಾದ ವಸ್ತುವಿನ ಮೇಲೆ ರಬ್ಬರು ಆಡಿಸುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನಾನಂತೂ ಕೈ ಮುಗಿಯುವ ನೆಪದಲ್ಲಿ ಕಣ್ಣು ಮುಚ್ಚಿ, ಆ ಪಟ ಒಂದು ಸಲ ತಪ್ಪು ಹೇಳಲಿ, ಅಪ್ಪನ ಎದುರಿಗೇ ಹೇಳಲಿ ಎಂದು ಬೇಡಿಕೊಂಡೆ.

ಹಬ್ಬ ಮುಗಿದ ಮೇಲೆ ಅಕಾಲದ ಮಳೆ ಹಿಡಿಯಿತು. ನಂದಿಗುಡಿಯಲ್ಲಿ ಕೊಯ್ದು ಒಕ್ಕಿದ ಭತ್ತ ಒಣಗುವ ಮೊದಲೇ ನೆನೆಯಿತು. ಅಲ್ಲಿ ಇಡಲು ಜಾಗವಿಲ್ಲದೆ ಅತ್ತೆ ಆರು ಚೀಲ ತುಂಬಿಸಿ, ಶನಿವಾರ ಲಗೇಜ್ ಆಟೋದಲ್ಲಿ ನಮ್ಮಲ್ಲಿಗೆ ಕಳಿಸಿದಳು. ಬಿಸಿಲು ಬಿದ್ದ ಕೂಡಲೇ ಹರಡಿ ಒಣಗಿಸಬೇಕು, ಅಲ್ಲಿಯವರೆಗೆ ಅಟ್ಟದ ಮೇಲಿರಲಿ ಎಂದು. ಅಂಗಡಿಯ ಮೆಟ್ಟಿಲಿಗೆ ಆಗಲೇ ನೀರು ಬಂದಿತ್ತು. ಮೊದಲ ಚೀಲ ಕಾಟಾದ ಮೇಲೆ ಬಿತ್ತು. ಅರವತ್ತು. ನಾನು ಎಂದಿನಂತೆ ಕೂಗಲು ಬಾಯಿ ತೆರೆದೆ. ಅಪ್ಪ ಗಿರಾಕಿಗಳ ನಡುವೆ ಇದ್ದ. ಬಾಯಿ ಮುಚ್ಚಿಕೊಂಡೆ. ಚೀಲದ ಮೇಲೆ ದೊಡ್ಡದಾಗಿ 60 ಎಂದು ಬರೆದೆ. ಎರಡನೆಯದೂ ಅಷ್ಟೇ. ಮೂರನೆಯದೂ.

“ಚೀಲ ಭಾಳ ಭಾರ ಅದಾವಲ್ರಿ ಯಜಮಾನ್ರ,” ಎಂದ ಹನುಮಂತಣ್ಣ, ಏಣಿಯ ಬುಡದಿಂದಲೇ.

“ಎಷ್ಟು ಚೀಲ?” ಅಪ್ಪ ಅಂಗಡಿಯಿಂದ ಕೂಗಿದ.

“ಆರು.”

“ಮ್ಯಾಲೆ ಮಂಡಕ್ಕಿ ಹತ್ತು ಐತೆ. ಗೆರೆ ಮ್ಯಾಲೆ ಬರ್ತೈತೆ, ನಡೀತೈತೆ, ಏರ್ಸಪ್ಪ.”

ಸುಮಾ ಏಣಿ ಜಾರದಂತೆ ಹಿಡಿದು ನಿಂತಿದ್ದಳು. ಪ್ರತಿ ಚೀಲವೂ ಅವಳ ಮುಖದ ಪಕ್ಕದಲ್ಲೇ ಮೇಲೆ ಹೋಯಿತು. ನಾನು ಅವಳನ್ನೇ ನೋಡುತ್ತಿದ್ದೆ. ಆರನೆಯ ಚೀಲ ಏರಿದ ಮೇಲೆ ನನ್ನ ತಲೆಯಲ್ಲಿ ಲೆಕ್ಕ ಕೂಡಿತು. ಮಂಡಕ್ಕಿ ನೂರು ಕೆಜಿ, ಭತ್ತ ಮುನ್ನೂರ ಅರವತ್ತು. ನಾಲ್ಕು ಕ್ವಿಂಟಾಲಿನ ಮೇಲೆ ಅರವತ್ತು ಕೆಜಿ. ಒದ್ದೆ ಭತ್ತಕ್ಕೆ ಆ ಗೆರೆ ಅಲ್ಲಿರಬಾರದಿತ್ತು. ಕೆಳಗಿನ ತುದಿ ನಲವತ್ತರಲ್ಲೇ ಇದ್ದು, ಎಡಗಡೆಯ ತುದಿ ಎಂಟರಿಂದ ಜಾರಿ ಏಳಕ್ಕಿಂತ ಕೆಳಗೆ ಬರಬೇಕಿತ್ತು. ಹಸಿರು ಹೊಲದ ಒಂದು ಪಟ್ಟಿ ಕಣ್ಣೆದುರೇ ಅಪಾಯದ ಕಡೆಗೆ ಸರಿದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಪಾಠ ನನಗೆ ಪೂರ್ತಿ ಅರ್ಥವಾದದ್ದು ಆ ಕ್ಷಣದಲ್ಲಿ. ‘ಅಪ್ಪಾ, ಒಂದು ಚೀಲ ಇಳಿಸು’ ಎಂದರೆ ಸಾಕಿತ್ತು. ಇಲಿ ನುಗ್ಗುವ ಮಾತು ನೆನಪಾಯಿತು. ಅಟ್ಟ ಬೀಳಲಿ ಎಂದು ನಾನು ಅಂದುಕೊಳ್ಳಲಿಲ್ಲ, ಇದನ್ನು ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೋ. ಕಿರುಗುಟ್ಟಲಿ ಎಂದುಕೊಂಡೆ. ಅಪ್ಪ ತಲೆ ಎತ್ತಿ ನೋಡಲಿ, ‘ಏನವ್ವ ಸುಮಿ, ನಿನ್ನ ಲೆಕ್ಕ?’ ಎಂದು ಕೇಳಲಿ, ಆಗ ನಾನು ಸೀಮೆಸುಣ್ಣದ ಅಂಕಿ ತೋರಿಸುತ್ತೇನೆ. ಅಷ್ಟೇ ನನ್ನ ಆಸೆ.

ಅದು ಕಿರುಗುಟ್ಟಿದ್ದು ಮರುದಿನ ಮಧ್ಯಾಹ್ನ. ಊಟವಾಗಿತ್ತು. ಅವ್ವ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಅಟ್ಟದ ಕೆಳಗೆ ಗೋಡೆಗೆ ಒರಗಿದ್ದ, ಅವನ ಪಕ್ಕದಲ್ಲಿ ಸುಮಾ ಪುಸ್ತಕ ಹಿಡಿದು ಕೂತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಮಳೆ ನಿಂತು ಕಿಟಕಿಯಿಂದ ಒಂದು ಕೋಲು ಬಿಸಿಲು ಒಳಗೆ ಬಿದ್ದಿತ್ತು. ಆ ಬಿಸಿಲಿನಲ್ಲಿ ಮೇಲಿನಿಂದ ಹಲಗೆ ಸಂದಿಯ ಧೂಳು ಸಣ್ಣಗೆ ಇಳಿಯತೊಡಗಿತು. ಅದು ಸುಮಾಳ ಪುಸ್ತಕದ ಮೇಲೆ ಬಿತ್ತು. ಅವಳು ತಲೆ ಎತ್ತದೆ ಉಫ್ ಎಂದು ಊದಿ ಪುಟ ತಿರುಗಿಸಿದಳು. ಮತ್ತೆ ಬಿತ್ತು. ಹಲಗೆ ಕಿರ್ ಎಂದಿತು. ಅಪ್ಪ ಎಲೆ ಮಡಚುವುದರಲ್ಲಿದ್ದ. ನಾನು ಕಾದೆ. ಆ ಕಾಯುವಿಕೆಯೇ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಎಷ್ಟು ಹೊತ್ತು? ಎರಡು ಉಸಿರು ಇರಬಹುದು, ನಾಲ್ಕು ಇರಬಹುದು. ಎಷ್ಟೋ ಸಲ ಗಡಿಯಾರ ಎದುರಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಧೂಳು ಬಿದ್ದಲ್ಲಿಂದ ಎಲ್ಲವನ್ನೂ ಮತ್ತೆ ನಡೆಸಿ ನೋಡಿದ್ದೇನೆ. ಪ್ರತಿ ಸಲವೂ ಬೇರೆ ಲೆಕ್ಕ ಬರುತ್ತದೆ. ಆಮೇಲೆ ತೊಲೆಯ ತುದಿ ಗೋಡೆಯ ಗೂಡಿನಿಂದ ಹೊರಗೆ ಬರುತ್ತಿರುವುದು ಕಂಡಿತು, ಮಣ್ಣು ಉದುರಿತು, ನಾನು ಕೂಗಿದೆ.

“ಅಪ್ಪಾ, ಏಳು! ಅಪ್ಪಾ!”

ಎರಡು ಸಲ ಕೂಗಿದೆ, ಎರಡು ಸಲವೂ ಒಬ್ಬನನ್ನೇ. ಅಪ್ಪ ಮೇಲೆ ನೋಡಿದ. ಎದ್ದು ನನ್ನ ಕಡೆ ಹಾರಿದ್ದರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಅವನು ತಿರುಗಿ ಎರಡೂ ಕೈಯಿಂದ ಸುಮಾಳನ್ನು ಅಂಗಡಿಯ ಬಾಗಿಲಿನ ಕಡೆಗೆ ದೂಡಿದ. ಅಷ್ಟರಲ್ಲಿ ಎಲ್ಲವೂ ಒಟ್ಟಿಗೆ ಬಂತು. ಸದ್ದು ನೆನಪಿಲ್ಲ. ಮಂಡಕ್ಕಿ ಚೀಲಗಳು ಒಡೆದು ನಡುಮನೆಯೆಲ್ಲ ಬೆಳ್ಳಗಾದದ್ದು ನೆನಪಿದೆ, ಆ ಬಿಳುಪಿನ ನಡುವೆ ಅಪ್ಪನ ಬಲಗಾಲು ತೊಲೆಯ ಕೆಳಗೆ ಇದ್ದದ್ದು ನೆನಪಿದೆ. ತೊಲೆ ಒಂದು ಮೊಳ ಈಚೆ ಬಿದ್ದಿದ್ದರೆ ಅಪ್ಪನೇ ಉಳಿಯುತ್ತಿರಲಿಲ್ಲ.

ಅಕ್ಕಪಕ್ಕದವರು ಓಡಿಬಂದು ತೊಲೆ ಎತ್ತಿದರು. ಆಟೋದಲ್ಲಿ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಪಾದದ ಮೇಲಿನ ಮೂಳೆ ಎರಡು ಕಡೆ ಮುರಿದಿತ್ತು. ಸಂಜೆ ಅವ್ವ ನನ್ನನ್ನು ಹೊದಿಕೆ ತರಲು ಮನೆಗೆ ಕಳಿಸಿದಳು. ಮನೆಯಲ್ಲಿ ಯಾರೂ ಇರಲಿಲ್ಲ. ಮಂಡಕ್ಕಿ ತುಳಿದುಕೊಂಡು ಹೋಗಿ ಆರೂ ಭತ್ತದ ಚೀಲಗಳನ್ನು ಹುಡುಕಿದೆ. ನನ್ನ ಅಕ್ಷರದ 60 ಹಾಗೆಯೇ ಇತ್ತು. ವೇಲಿನ ಚುಂಗನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಒಂದೊಂದನ್ನೂ ಒರೆಸಿದೆ. ಆಮೇಲೆ ಹೊದಿಕೆ ತೆಗೆದುಕೊಂಡು ನರ್ಸಿಂಗ್ ಹೋಮಿಗೆ ಹೋದೆ.

ಮಾರನೆಯ ದಿನ ನಂದಿಗುಡಿಯಿಂದ ಅತ್ತೆ ಬಂದಳು. ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಅವ್ವನ ಸಿಟ್ಟು ಒಡೆಯಿತು.

“ಕಾಗದ ನೋಡಿ ಅಟ್ಟಕ್ಕ ಚೀಲ ಏರ್ಸೋ ಮನಿ ಎಲ್ಲಾರ ಕಂಡೀಯೇನವ್ವ? ನಾನು ಮೊದಲೇ ಅಂದಿದ್ನೆ, ಈ ಮನಿಗೆ ಯಾಕ ಬೇಕಿತ್ತು ಈ ಇದ್ಯೆ!”

ಅವ್ವ ಮೊದಲು ಏನೂ ಅಂದಿರಲಿಲ್ಲ, ಪಟಕ್ಕೆ ಕೈ ಮುಗಿದಿದ್ದಳು. ಅದನ್ನು ಯಾರೂ ಎತ್ತಿ ಆಡಲಿಲ್ಲ. ಸುಮಾ ಎದ್ದು ನಿಂತು, ಅವ್ವನ ಕಡೆ ತಿರುಗಿ, “ಲೆಕ್ಕ ನಂದು ಅತ್ತಿ, ತಪ್ಪೂ ನಂದು” ಎಂದಳು. ಅಳಲಿಲ್ಲ. ಒಳಗೆ ಮಲಗಿದ್ದ ಅಪ್ಪ ನನ್ನನ್ನು ಹತ್ತಿರ ಕರೆದ. ನೋವಿನಲ್ಲಿ ಅವನ ತುಟಿ ಒಣಗಿತ್ತು.

“ನೇತ್ರಾ, ಸುಮಿ ಲೆಕ್ಕ ತಪ್ಪಾಕಿ ಅಲ್ಲ. ಆ ಚೀಲ ಎಷ್ಟು ತೂಗಿದ್ವು? ಹನುಮಂತ ಭಾರ ಅದಾವ ಅಂದಿದ್ನಲ್ಲ, ಐವತ್ತಕ್ಕಿಂತ ಜಾಸ್ತಿ ಇದ್ವಾ?”

“ಐವತ್ತೇ ಇದ್ವಪ್ಪ,” ಎಂದೆ.

ನನ್ನ ಒಂದು ಮಾತಿಗೆ ಸುಮಾ ಆ ಮನೆಯಲ್ಲಿ ಉಳಿಯುತ್ತಿದ್ದಳು. ಅಪ್ಪ ಕೇಳಿದ್ದು ಅದಕ್ಕಾಗಿಯೇ. ಅವ್ವನ ಮುಂದೆ ಇಡಲು ಅವನಿಗೆ ಒಂದು ಕಾರಣ ಬೇಕಿತ್ತು, ನಾನು ಕೊಡಲಿಲ್ಲ. ಅವನು ಕಣ್ಣು ಮುಚ್ಚಿ, “ಹಂಗಾರೆ ಏನೋಪ್ಪ” ಎಂದ. ಮೂರನೆಯ ದಿನ ತಗಡಿನ ಪೆಟ್ಟಿಗೆಯ ಸಮೇತ ಸುಮಾ ಅತ್ತೆಯೊಂದಿಗೆ ಹರಿಹರದ ಬಸ್ಸು ಹತ್ತಿದಳು. ಮುಂದಿನ ವರ್ಷ ಹರಿಹರದಲ್ಲಿ ಕಲಾ ವಿಭಾಗಕ್ಕೆ ಸೇರಿದಳೆಂದು ಕೇಳಿದೆವು. ಗಣಿತದ ಪುಸ್ತಕಗಳನ್ನು ನನಗೇ ಬಿಟ್ಟುಹೋಗಿದ್ದಳು, ಉಪಯೋಗವಾಗಲಿ ಎಂದು. ಅಪ್ಪ ಕಾಲೆಳೆದುಕೊಂಡು ನಡೆಯುವಂತಾದ ಮೇಲೆ ಒಂದು ಸಂಜೆ ರೊಟ್ಟಿಯ ಮೇಲ್ಪದರ ಸುಲಿದು ನನ್ನ ತಾಟಿಗೆ ಹಾಕಿದ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಿಂದೆ. ರುಚಿಯಾಗಿಯೇ ಇತ್ತು.

ಆ ಪುಸ್ತಕಗಳಿಂದಲೇ ಓದಿ ನಾನು ಬಿ.ಎಸ್ಸಿ. ಮಾಡಿದೆ. ಮದುವೆಯಾಗಿ ಈಗ ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆ, ಅದಕ್ಕೆ ಅಟ್ಟವಿಲ್ಲ. ಹೋಟೆಲಿಗೆ ಹೋದರೆ ಮೊದಲು ತಲೆ ಎತ್ತಿ ಸೂರು ನೋಡುತ್ತೇನೆ. ಯಾರಾದರೂ ಪುಸ್ತಕದ ಮೇಲಿನ ಧೂಳನ್ನು ಊದಿದರೆ ಎದ್ದು ನಿಲ್ಲುತ್ತೇನೆ. ಮಕ್ಕಳು ನಗುತ್ತಾರೆ. ಅವರಿಗೆ ಹೇಳಿಲ್ಲ. ಗಂಡನಿಗೂ ಹೇಳಿಲ್ಲ. ಅಪ್ಪನಿಗೆ ಹೇಳಬೇಕೆಂದು ಎಷ್ಟೋ ಸಲ ವಿನೋಬನಗರಕ್ಕೆ ಹೋಗಿ, ಚಹಾ ಕುಡಿದು ವಾಪಸು ಬಂದಿದ್ದೇನೆ. ಹಳೆಯ ಭಯ ಮತ್ತು ಹಳೆಯ ಹೊಟ್ಟೆಕಿಚ್ಚು ಎರಡೂ ಒಂದೇ ಕಡೆ ಬೇರು ಬಿಟ್ಟಿದ್ದವು, ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅತ್ತೆಗೆ ಹುಷಾರಿಲ್ಲವೆಂದು ಹರಿಹರಕ್ಕೆ ಹೋದೆ. ಸುಮಾ ಅಲ್ಲಿ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಾಳೆ, ಅತ್ತೆ ಅವಳ ಜೊತೆಗಿದ್ದಾಳೆ. ಅತ್ತೆ ಮಾತ್ರೆ ನುಂಗಿ ಮಲಗಿದ ಮೇಲೆ ನಾವಿಬ್ಬರೂ ಹಿತ್ತಲಿನ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತ ಕೂತೆವು. ಅವಳ ಕೂದಲು ನನಗಿಂತ ಮೊದಲೇ ಬೆಳ್ಳಗಾಗಿತ್ತು. ಅದನ್ನು ನೋಡುತ್ತಿದ್ದಂತೆ ಮಾತು ತಾನಾಗಿ ಹೊರಗೆ ಬಂತು.

“ಸುಮಾ, ಆವತ್ತಿನ ಚೀಲ ಅರವತ್ತು ಇದ್ವು. ನಾನೇ ತೂಗಿದ್ದೆ. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಆಮ್ಯಾಲೆ ಅಪ್ಪಗ ಐವತ್ತು ಅಂತ ಸುಳ್ಳು ಹೇಳ್ದೆ.”

ಅವಳ ಕೈ ನಿಲ್ಲಲಿಲ್ಲ. ಕಾಳು ಬೋಗುಣಿಗೆ ಬೀಳುತ್ತಲೇ ಇದ್ದವು.

“ಗೊತ್ತೈತೆ.”

“ಏನು ಗೊತ್ತೈತೆ?”

“ಅರವತ್ತು ಅಂತ. ಏಣಿ ಹಿಡ್ಕಂಡು ನಾನೇ ನಿಂತಿದ್ನಲ್ಲ. ಒಂದೊಂದು ಚೀಲದ ಮ್ಯಾಲೂ ನಿನ್ನ ಅಕ್ಷರ ಓದಿದೆ. ಐದನೇ ಚೀಲಕ್ಕ ನಾಕು ಕ್ವಿಂಟಾಲ್ ಮುಗೀತು. ಆರನೇದು ಬ್ಯಾಡ ಅನ್ಬೇಕು ಅಂತ ಬಾಯಿ ತನಕ ಬಂತು.”

“ಮತ್ತೆ ಯಾಕ ಅನ್ಲಿಲ್ಲ?”

“ನೀನು ನನ್ನೇ ನೋಡ್ತಿದ್ದೆ. ಯಾವಾಗ ತಪ್ತಾಳೋ ಅಂತ ಕಾಯ್ತಾ.” ಅವಳು ಒಂದು ಸಿಪ್ಪೆಯನ್ನು ನೋಡಿ ಪಕ್ಕಕ್ಕೆ ಎಸೆದಳು. “ಆ ಮನ್ಯಾಗ ನಿಂಗೆ ಅಪ್ಪ ಇದ್ದ, ಅವ್ವ ಇದ್ಲು. ನಂದು ಅಂತ ಇದ್ದಿದ್ದು ಆ ಪಟ ಒಂದೇ. ನಿನ್ನ ಕಣ್ಣೆದ್ರಿಗೆ ಅದನ್ನ ಹೆಂಗೆ ಅಳಸ್ಲಿ ಹೇಳು? ನಂಗೇನು ಕಡಿಮೆ ಹೊಟ್ಟೆಕಿಚ್ಚಿತ್ತಾ ನಿನ್ ಮ್ಯಾಲೆ?”

ಇಷ್ಟು ವರ್ಷ ನಾನು ಒಬ್ಬಳೇ ಹೊತ್ತಿದ್ದೇನೆಂದುಕೊಂಡ ಹೊರೆಯ ಇನ್ನೊಂದು ತುದಿ ಅವಳ ಹೆಗಲ ಮೇಲಿತ್ತು. ಹಗುರವಾಗಬೇಕಿತ್ತು. ಆದರೆ ನನಗೆ ಮೊದಲು ಹೊಳೆದದ್ದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನನಗೆ ಲೆಕ್ಕ ಸಿಗಲು ಆರನೆಯ ಚೀಲ ಏರಬೇಕಾಯಿತು. ಅವಳಿಗೆ ಐದಕ್ಕೇ ಸಿಕ್ಕಿತ್ತು. ಅಲ್ಲೂ ಅವಳು ನನಗಿಂತ ಒಂದು ಚೀಲ ಮುಂದೆ.

“ಮಾವಗ ಹೇಳ್ಬೇಕು ನೇತ್ರಾ,” ಎಂದಳು. “ಭಾನುವಾರ ನಾನೂ ಬರ್ತೀನಿ. ಇಬ್ರೂ ಕೂತು ಹೇಳಾಣ. ಬೈದ್ರೆ ಇಬ್ರಿಗೂ ಬೈಲಿ.”

“ಆತು,” ಎಂದೆ.

ಹರಿಹರದ ಬಸ್ ನಿಲ್ದಾಣದಲ್ಲಿ ಅವಳು ನನಗೆ ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಸುಲಿದ ಅವರೆಕಾಳಿನ ಚೀಲವನ್ನು ಮಡಿಲಿಗಿಟ್ಟು ಕೈ ಬೀಸಿದಳು. ಬಸ್ಸು ಹೊರಟಿತು. ಭಾನುವಾರದ ಆ ದೃಶ್ಯ ದಾರಿಯುದ್ದಕ್ಕೂ ಕಣ್ಣ ಮುಂದೆ ಬಂತು: ಅಪ್ಪನ ಎಡಕ್ಕೆ ಅವಳು, ಬಲಕ್ಕೆ ನಾನು, ಅಪ್ಪನ ಸಿಟ್ಟು ನಮ್ಮಿಬ್ಬರಿಗೂ ಸಮಪಾಲು. ಅವನು ಅವಳನ್ನು ಮೊದಲು ಕ್ಷಮಿಸುತ್ತಾನೆ. ಅವಳೇ ಮೊದಲು ಬಾಯಿ ತೆರೆಯುತ್ತಾಳೆ, ಚೆನ್ನಾಗಿಯೂ ಹೇಳುತ್ತಾಳೆ. ದಾವಣಗೆರೆಯಲ್ಲಿ ಇಳಿದವಳು ನನ್ನ ಮನೆಗೆ ಹೋಗಲಿಲ್ಲ. ನೇರವಾಗಿ ವಿನೋಬನಗರಕ್ಕೆ ಆಟೋ ಹಿಡಿದೆ. ಅಪ್ಪ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಬಲಗಾಲು ಚಾಚಿಕೊಂಡು ಕೂತಿದ್ದ. ಗಿರಾಕಿ ಯಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಅವನ ಎದುರಿಗೆ ನೆಲದ ಮೇಲೆ ಕೂತೆ.

“ಏನವ್ವ, ಹಿಂಗ ಓಡಿ ಬಂದೀ? ಅತ್ತಿ ಹೆಂಗದಾಳ?”

“ಅತ್ತಿ ಆರಾಮದಾಳ,” ಎಂದೆ. “ಅಪ್ಪಾ, ಸುಮಾ ಬರೋದ್ರೊಳಗೆ ನಿಂಗೊಂದು ಮಾತು ಹೇಳ್ಬೇಕು.”